ಕುಗ್ಗುವ ಊರಿನ ನೀರಿನ ಲೆಕ್ಕ

ಅಮೆರಿಕದ ಮಿಸಿಸಿಪಿ ರಾಜ್ಯದ ರಾಜಧಾನಿ ಜಾಕ್ಸನ್. 1980ರ ಜನಗಣತಿಯ ಪ್ರಕಾರ ಅಲ್ಲಿದ್ದವರು 2,02,895 ಮಂದಿ. 1990ರಲ್ಲಿ ಅದು 1,96,637 ಆಯಿತು, 2000ದಲ್ಲಿ 1,84,256, 2010ರಲ್ಲಿ 1,73,514. 2020ರ ಗಣತಿಗೆ ಸಿಕ್ಕವರು 1,53,701 ಮಾತ್ರ. ಆಮೇಲಿನ ವಾರ್ಷಿಕ ಅಂದಾಜುಗಳು 1 ಲಕ್ಷ 45 ಸಾವಿರಕ್ಕೂ ಕೆಳಗಿಳಿದಿವೆ. ನಲವತ್ತು ವರ್ಷಗಳಲ್ಲಿ ಒಂದು ಗಣತಿಯಲ್ಲೂ ಈ ಸಂಖ್ಯೆ ಏರಲಿಲ್ಲ. ಇಳಿತದ ವೇಗ ಮಾತ್ರ ಕೊನೆಯ ದಶಕದಲ್ಲಿ ಎಲ್ಲಕ್ಕಿಂತ ಹೆಚ್ಚಾಯಿತು.

ಈ ಅಂಕಿಗಳನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಅಚ್ಚಾಗಿ ಎಲ್ಲರ ಕೈಗೂ ಬರುತ್ತಿದ್ದವು. ಅವುಗಳ ಪಕ್ಕದಲ್ಲೇ ಕುಟುಂಬಗಳ ಆದಾಯದ ಅಂಕಣವೂ ಇರುತ್ತಿತ್ತು. ಎರಡನ್ನೂ ಜೊತೆಗಿಟ್ಟು ಓದಿದ್ದರೆ ಆ ಊರಿನ ನಲ್ಲಿಗಳು ಒಂದು ದಿನ ನಿಲ್ಲುತ್ತವೆ ಎಂಬುದನ್ನು ಇಪ್ಪತ್ತು ವರ್ಷ ಮುಂಚೆಯೇ ಹೇಳಬಹುದಿತ್ತು. ಹೇಳಿದವರೂ ಇದ್ದರು, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಈಗ ಅದೇ ಜಾಡಿನಲ್ಲಿ ಅಮೆರಿಕದ ಇನ್ನೂ ಎಷ್ಟೋ ನಡುಗಾತ್ರದ ಊರುಗಳು ಸಾಗುತ್ತಿವೆ. ಅದಕ್ಕೇ ಜಾಕ್ಸನ್‌ನ ಕತೆಯನ್ನು ನಿಧಾನವಾಗಿ ನೋಡಬೇಕು.

2022ರ ಆಗಸ್ಟ್ ಕೊನೆಯಲ್ಲಿ ಊರಿನ ಪಕ್ಕದ ಪರ್ಲ್ ನದಿ ಉಕ್ಕಿತು. ಊರಿನ ಮುಖ್ಯ ಶುದ್ಧೀಕರಣ ಘಟಕ ಓ. ಬಿ. ಕರ್ಟಿಸ್. ಅದು ಆ ನದಿಯ ಜಲಾಶಯದ ದಂಡೆಯಲ್ಲಿದೆ. ಅಲ್ಲಿನ ಪಂಪುಗಳು ಮೊದಲೇ ಕೆಟ್ಟಿದ್ದವು, ಘಟಕವನ್ನು ನಡೆಸಲು ಬೇಕಾದಷ್ಟು ಸಿಬ್ಬಂದಿಯೂ ಇರಲಿಲ್ಲ. ಪ್ರವಾಹದಿಂದ ಒಳಬರುವ ನೀರಿನ ಗುಣ ಬದಲಾದಾಗ ಘಟಕ ತಡೆದುಕೊಳ್ಳಲಿಲ್ಲ. ಆಗಸ್ಟ್ 29ರಂದು ರಾಜ್ಯಪಾಲ ಟೇಟ್ ರೀವ್ಸ್ ತುರ್ತುಸ್ಥಿತಿ ಘೋಷಿಸಿದರು. ಸುಮಾರು ಒಂದೂವರೆ ಲಕ್ಷ ಜನರ ಮನೆಗಳಲ್ಲಿ ಕುಡಿಯಲು ಯೋಗ್ಯವಾದ ನೀರು ಇಲ್ಲವಾಯಿತು, ಎಷ್ಟೋ ಕಡೆ ಕಕ್ಕಸಿಗೆ ಸುರಿಯುವಷ್ಟೂ ಬರಲಿಲ್ಲ. ಶಾಲೆಗಳು ಆನ್‌ಲೈನ್ ಪಾಠಕ್ಕೆ ಹೋದವು. ಬಾಟಲಿ ನೀರಿಗಾಗಿ ಕಾರುಗಳು ಮೈಲುದ್ದ ಸಾಲುಗಟ್ಟಿದವು, ಕೆಲವು ಕಡೆ ಸಾಲಿನ ಹಿಂದಿದ್ದವರಿಗೆ ಸಿಗುವ ಮೊದಲೇ ಬಾಟಲಿಗಳು ಮುಗಿದವು. ಜುಲೈ ಕೊನೆಯಲ್ಲಿ ಹೊರಬಿದ್ದಿದ್ದ ‘ಕುದಿಸಿ ಕುಡಿಯಿರಿ’ ಸೂಚನೆಯನ್ನು ಹಿಂತೆಗೆದುಕೊಂಡದ್ದು ಸೆಪ್ಟೆಂಬರ್ 15ರಂದು. ಏಳು ವಾರ ಕಾಲ ಜನ ಹಲ್ಲುಜ್ಜುವ ನೀರನ್ನೂ, ಮಗುವಿನ ಹಾಲಿಗೆ ಬೆರೆಸುವ ನೀರನ್ನೂ ಕುದಿಸಿ ಆರಿಸಿ ಬಳಸಿದರು.

ಸುದ್ದಿವಾಹಿನಿಗಳು ಇದನ್ನು ಪ್ರವಾಹದ ಅನಾಹುತ ಎಂದವು. ನದಿ ಉಕ್ಕಿದ್ದು ನಿಜ. ಆದರೆ ಅದಕ್ಕೂ ಮುಂಚೆ, 2021ರ ಫೆಬ್ರುವರಿಯ ಚಳಿಗೆ ಇದೇ ಘಟಕ ಹೆಪ್ಪುಗಟ್ಟಿ ಸಾವಿರಾರು ಮನೆಗಳಿಗೆ ವಾರಗಟ್ಟಲೆ ನೀರಿರಲಿಲ್ಲ. 2022ರ ಡಿಸೆಂಬರ್ ಚಳಿಯಲ್ಲಿ ಪೈಪುಗಳು ಮತ್ತೆ ಒಡೆದವು. ಅಂದರೆ ಪ್ರವಾಹವಾಗಲಿ ಚಳಿಯಾಗಲಿ ಕೊನೆಯ ತಳ್ಳು ಮಾತ್ರ, ವ್ಯವಸ್ಥೆ ಅದಕ್ಕೆ ಮೊದಲೇ ಅಂಚಿಗೆ ಬಂದು ನಿಂತಿತ್ತು. ಅಂಚಿಗೆ ತಂದದ್ದು ಯಾವುದು ಎಂಬುದನ್ನು ಜನಗಣತಿಯ ಕೋಷ್ಟಕ ಹೇಳುತ್ತದೆ.

ಬೆಂಗಳೂರು, ಹುಬ್ಬಳ್ಳಿಗಳು ಬೆಳೆಯುವುದನ್ನೇ ಕಂಡ ನಮಗೆ ಊರೊಂದು ಕುಗ್ಗಿದರೆ ಆಗುವ ತೊಂದರೆ ಸುಲಭಕ್ಕೆ ಹೊಳೆಯುವುದಿಲ್ಲ. ಜನ ಕಡಿಮೆಯಾದರೆ ನೀರೂ ಕಡಿಮೆ ಸಾಕು, ಖರ್ಚೂ ಇಳಿಯುತ್ತದೆ ಎನಿಸುತ್ತದೆ. ಹಾಗಾಗುವುದಿಲ್ಲ. ನೀರು ಸರಬರಾಜಿನ ವೆಚ್ಚದಲ್ಲಿ ಬಹುಪಾಲು ಸ್ಥಿರ ವೆಚ್ಚ. ಒಂದು ಬೀದಿಯ ಹತ್ತು ಮನೆಗಳಲ್ಲಿ ಮೂರು ಖಾಲಿಯಾದರೂ ಆ ಬೀದಿಯ ಕೆಳಗಿನ ಪೈಪು ಒಂದಡಿಯೂ ಮೊಟಕಾಗುವುದಿಲ್ಲ. ಜಲಾಶಯದ ಪಂಪು, ಘಟಕದ ಸೋಸುಪೊರೆಗಳು, ಪ್ರಯೋಗಾಲಯ, ರಾತ್ರಿ ಪಾಳಿಯ ಆಪರೇಟರ್ ಎಲ್ಲವೂ ಬೇಕು. ಹಳೆಯ ಸಾಲದ ಬಡ್ಡಿಯನ್ನೂ ಕಟ್ಟಬೇಕು. ಜಾಕ್ಸನ್‌ನ ಪೈಪುಜಾಲ ಸಾವಿರ ಮೈಲಿಗೂ ಮೀರಿ ಹರಡಿದೆ. 2,02,895 ಜನ ಹೊತ್ತಿದ್ದ ಹೊರೆಯನ್ನು 1,53,701 ಜನ ಹೊರಬೇಕಾದರೆ ತಲಾ ಹೊರೆ ಶೇ. 32ರಷ್ಟು ಏರುತ್ತದೆ. ಈಗಿನ ಅಂದಾಜಿನ ಜನಸಂಖ್ಯೆಯನ್ನು ಹಿಡಿದರೆ ಏರಿಕೆ ಶೇ. 40 ದಾಟುತ್ತದೆ. ಬೆಲೆಯೇರಿಕೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ, ಪೈಪುಗಳು ಹಳತಾದಷ್ಟೂ ದುರಸ್ತಿ ಹೆಚ್ಚುವುದನ್ನೂ ಸೇರಿಸಿಲ್ಲ. ಇದು ಬರಿಯ ಭಾಗಾಕಾರ.

ಈ ಹೊರೆ ಹೊರಬೇಕಾದವರ ಕೈಯಲ್ಲಿ ಎಷ್ಟಿದೆ? ಅಮೆರಿಕದ ಜನಗಣತಿ ಸಂಸ್ಥೆ ಪ್ರತಿವರ್ಷ ಒಂದು ದೊಡ್ಡ ಸಮೀಕ್ಷೆ ನಡೆಸಿ, ಚಿಕ್ಕ ಊರುಗಳಿಗೆ ಐದೈದು ವರ್ಷದ ಅಂಕಿ ಒಟ್ಟುಗೂಡಿಸಿ ಪ್ರಕಟಿಸುತ್ತದೆ. ಅದರಲ್ಲಿರುವುದು ಕುಟುಂಬ ಆದಾಯದ ಮಧ್ಯಾಂಕ. ಊರಿನ ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಆದಾಯ ಅದು. ಕೆಲವೇ ಸಿರಿವಂತರು ಸರಾಸರಿಯನ್ನು ಮೇಲಕ್ಕೆಳೆಯುವ ಮೋಸ ಇಲ್ಲಿ ನಡೆಯುವುದಿಲ್ಲ. 2018ರಿಂದ 2022ರವರೆಗಿನ ಸಮೀಕ್ಷೆಯಲ್ಲಿ ಇಡೀ ಅಮೆರಿಕದ ಮಧ್ಯಾಂಕ ವರ್ಷಕ್ಕೆ 75 ಸಾವಿರ ಡಾಲರ್. ಜಾಕ್ಸನ್‌ನದು ಸುಮಾರು 42 ಸಾವಿರ. ಅಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಡತನದ ರೇಖೆಯ ಕೆಳಗಿದ್ದಾರೆ. ಅಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಅರ್ಧ ಗಂಟೆಯೊಳಗೆ ಮ್ಯಾಡಿಸನ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿನ ಮಧ್ಯಾಂಕ ಒಂದು ಲಕ್ಷ ಡಾಲರನ್ನೂ ದಾಟಿದೆ.

ಈ ಅಂತರ ತಾನಾಗಿ ಹುಟ್ಟಿದ್ದಲ್ಲ. 1969ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಿಸಿಸಿಪಿಯದೇ ಪ್ರಕರಣವೊಂದರಲ್ಲಿ, ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಬೇರೆ ಬೇರೆ ಶಾಲೆ ನಡೆಸುವುದನ್ನು ತಕ್ಷಣ ನಿಲ್ಲಿಸಿ ಎಂದಿತು. 1970ರ ಆರಂಭದಲ್ಲಿ ಜಾಕ್ಸನ್‌ನ ಶಾಲೆಗಳು ಒಂದಾದವು. ಬಿಳಿಯರ ಕುಟುಂಬಗಳು ಮೊದಲು ಖಾಸಗಿ ಶಾಲೆಗಳಿಗೆ, ಆಮೇಲೆ ಊರಿನಾಚೆಗೆ ಹೊರಟವು. 1980ರಲ್ಲಿ ಜಾಕ್ಸನ್‌ನಲ್ಲಿ ಕಪ್ಪುಜನರು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇದ್ದರು, 2020ರ ಹೊತ್ತಿಗೆ ಸುಮಾರು ಶೇ. 80. ಒಂದೆರಡು ದಶಕ ಕಳೆಯುವಷ್ಟರಲ್ಲಿ ಸ್ಥಿರ ಸಂಬಳವಿದ್ದ ಕಪ್ಪು ಕುಟುಂಬಗಳೂ ಒಳ್ಳೆಯ ಶಾಲೆ, ಒಳ್ಳೆಯ ರಸ್ತೆ ಹುಡುಕಿಕೊಂಡು ಪಕ್ಕದ ಕ್ಲಿಂಟನ್, ರಿಡ್ಜ್‌ಲ್ಯಾಂಡ್‌ಗಳ ಕಡೆ ಹೋದವು. ನಿಸ್ಸಾನ್ ಕಾರು ಕಾರ್ಖಾನೆ 2003ರಲ್ಲಿ ತೆರೆದದ್ದು ಉತ್ತರದ ಕ್ಯಾಂಟನ್‌ನಲ್ಲಿ. ನದಿಯಾಚೆಯ ರ‍್ಯಾಂಕಿನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) 1970ರಲ್ಲಿ ಇದ್ದವರು 44 ಸಾವಿರದಷ್ಟು. 2020ರಲ್ಲಿ 1,57,031, ಅಂದರೆ ರಾಜಧಾನಿಗಿಂತ ಹೆಚ್ಚು. ಜನ ಎಲ್ಲೂ ಮಾಯವಾಗಲಿಲ್ಲ. ಊರಿನ ಗಡಿರೇಖೆ ದಾಟಿ ಆಚೆ ಕೂತರು, ತಮ್ಮ ತೆರಿಗೆಯನ್ನೂ ಜೊತೆಗೆ ಒಯ್ದರು.

ಹೋಗುವವರ ಸ್ವರೂಪವನ್ನು ಗಮನಿಸಬೇಕು. ಊರು ಬಿಡಲು ದುಡ್ಡು ಬೇಕು, ಬೇರೆ ಕಡೆ ಮನೆಸಾಲ ಹುಟ್ಟಬೇಕು, ದುಡಿಯುವ ವಯಸ್ಸಿರಬೇಕು. ಇವು ಇದ್ದವರು ಮೊದಲು ಹೋಗುತ್ತಾರೆ. ಉಳಿಯುವವರು ಪಿಂಚಣಿ ನಂಬಿದ ಮುದುಕರು, ಒಬ್ಬರೇ ದುಡಿದು ಮಕ್ಕಳನ್ನು ಸಾಕುವ ತಾಯಂದಿರು, ಮಾರಲು ಹೊರಟರೆ ಕೊಳ್ಳುವವರೇ ಸಿಗದ ಮನೆಯ ಒಡೆಯರು. ಹಾಗಾಗಿ ಜನಸಂಖ್ಯೆ ಕಾಲುಭಾಗ ಇಳಿದರೆ ತೆರಿಗೆ ಕೊಡುವ ಶಕ್ತಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಜಾಕ್ಸನ್‌ಗೆ ಇನ್ನೊಂದು ಕಷ್ಟವೂ ಇದೆ. ರಾಜಧಾನಿಯಾದ್ದರಿಂದ ಊರಿನ ನಡುವಿನ ಬೆಲೆಬಾಳುವ ಜಾಗದಲ್ಲಿ ಸರ್ಕಾರಿ ಕಟ್ಟಡಗಳು, ವಿಶ್ವವಿದ್ಯಾಲಯಗಳು, ಚರ್ಚುಗಳು ನಿಂತಿವೆ, ಅವು ಆಸ್ತಿ ತೆರಿಗೆ ಕಟ್ಟುವುದಿಲ್ಲ. ಮಕ್ಕಳು ಕಡಿಮೆಯಾಗಿ 2023ರ ಡಿಸೆಂಬರಿನಲ್ಲಿ ಶಾಲಾ ಮಂಡಳಿ ಹತ್ತಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಶಾಲೆ ಮುಚ್ಚಿದ ಬಡಾವಣೆಗೆ ಹೊಸ ಸಂಸಾರ ಬರುವುದು ಕಷ್ಟ.

ಇಷ್ಟು ಹಣದ ಮಾತು. ಕುಗ್ಗಿದ ಊರಿನಲ್ಲಿ ನೀರು ಕೂಡ ಕೆಡುತ್ತದೆ, ಅದರ ರಸಾಯನವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಘಟಕದಿಂದ ಹೊರಟ ನೀರು ಮನೆಯ ನಲ್ಲಿ ಮುಟ್ಟುವವರೆಗೆ ಪೈಪಿನೊಳಗೆ ಕಳೆಯುವ ಸಮಯವನ್ನು ಎಂಜಿನಿಯರುಗಳು ನೀರಿನ ವಯಸ್ಸು ಎನ್ನುತ್ತಾರೆ. ಪೈಪಿನ ಅಗಲ ನಿರ್ಧಾರವಾದದ್ದು ಊರು ತುಂಬಿದ್ದ ಕಾಲದಲ್ಲಿ. ಬೆಂಕಿ ನಂದಿಸಲು ಬೇಕಾದ ನೀರನ್ನೂ, ಕಾರ್ಖಾನೆಗಳ ಬೇಡಿಕೆಯನ್ನೂ ಲೆಕ್ಕ ಹಾಕಿ ಅಗಲವಾಗಿಯೇ ಹೂಳಿರುತ್ತಾರೆ. ಬಳಸುವವರು ಕಡಿಮೆಯಾದಾಗ ಅದೇ ಪೈಪಿನಲ್ಲಿ ನೀರು ನಿಧಾನವಾಗಿ ಹರಿಯುತ್ತದೆ, ಖಾಲಿ ಬೀದಿಗಳ ತುದಿಯಲ್ಲಿ ದಿನಗಟ್ಟಲೆ ನಿಂತುಬಿಡುತ್ತದೆ. ರೋಗಾಣು ಕೊಲ್ಲಲು ಬೆರೆಸಿದ ಕ್ಲೋರಿನ್ ನೀರಿನಲ್ಲಿರುವ ಸಾವಯವ ಕಣಗಳ ಜೊತೆಗೂ ಕಬ್ಬಿಣದ ತುಕ್ಕಿನ ಜೊತೆಗೂ ವರ್ತಿಸಿ ಗಂಟೆಗಂಟೆಗೂ ಕ್ಷೀಣಿಸುತ್ತದೆ. ಕೊನೆಯ ಮನೆ ಮುಟ್ಟುವಾಗ ಕಾವಲೇ ಇರುವುದಿಲ್ಲ. ಪೈಪಿನ ಒಳಗೋಡೆಯ ಮೇಲೆ ಜಿಗಟು ಪದರ ಕಟ್ಟಿ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಪೈಪು ಒಡೆದು ಒಳಗಿನ ಒತ್ತಡ ಇಳಿದರಂತೂ ಬಿರುಕಿನಿಂದ ಮಣ್ಣಿನ ಕೊಳೆ ಒಳಗೇ ನುಗ್ಗಬಹುದು. ಒತ್ತಡ ಬಿದ್ದಾಗಲೆಲ್ಲ ಕುದಿಸಿ ಕುಡಿಯಿರಿ ಎನ್ನುವುದು ಇದಕ್ಕೇ.

ಮಿಷಿಗನ್ ರಾಜ್ಯದ ಫ್ಲಿಂಟ್ ಇದನ್ನು ಅತ್ಯಂತ ಕ್ರೂರವಾಗಿ ಅನುಭವಿಸಿದ ಊರು. ಜನರಲ್ ಮೋಟರ್ಸ್ ಕಂಪನಿ ಹುಟ್ಟಿದ ಊರದು. 1960ರಲ್ಲಿ ಅಲ್ಲಿ 1,96,940 ಜನ ಇದ್ದರು, 2020ರಲ್ಲಿ 81,252. ಕಾರು ಕಾರ್ಖಾನೆಗಳು ಮುಚ್ಚಿದಂತೆ ಜನರೂ ಸಂಬಳವೂ ಹೋದವು. ಊರಿನ ಖಜಾನೆ ಬರಿದಾಗಿ ರಾಜ್ಯ ಸರ್ಕಾರ ತನ್ನ ಆಡಳಿತಾಧಿಕಾರಿಯನ್ನು ಕೂರಿಸಿತು. ಹಣ ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಿದರು. ಪೈಪಿನ ಸವಕಳಿ ತಡೆಯುವ ಫಾಸ್ಫೇಟನ್ನು ಬೆರೆಸಲಿಲ್ಲ. ಅಗಲವಾದ, ಅರೆಖಾಲಿ ಪೈಪುಗಳಲ್ಲಿ ನಿಂತ ಆ ನೀರು ಸೀಸವನ್ನು ಕರಗಿಸಿ ಮನೆಗಳಿಗೆ ಒಯ್ದಿತು. ಕ್ಲೋರಿನ್ ಇಳಿದ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಹೆಚ್ಚಿತು. 2014 ಮತ್ತು 2015ರಲ್ಲಿ ಸುಮಾರು 90 ಮಂದಿಗೆ ಲೀಜನೇರ್ಸ್ ನ್ಯುಮೋನಿಯ ತಗುಲಿ ಕನಿಷ್ಠ 12 ಮಂದಿ ಸತ್ತರು. ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ 2015ರ ಸೆಪ್ಟೆಂಬರಿನಲ್ಲಿ ಅಂಕಿಅಂಶ ಸಹಿತ ಬಯಲಿಗಿಟ್ಟಾಗ ಅಧಿಕಾರಿಗಳು ಮೊದಲು ಮಾಡಿದ್ದು ಆಕೆಯ ಮಾತನ್ನು ಅಲ್ಲಗಳೆಯುವ ಕೆಲಸ. ಸೀಸದಿಂದ ಮಗುವಿನ ಮಿದುಳಿಗಾದ ಹಾನಿಯನ್ನು ಯಾವ ಔಷಧಿಯೂ ಸರಿಪಡಿಸುವುದಿಲ್ಲ.

ಜಾಕ್ಸನ್‌ಗೆ ಮರಳೋಣ. 2017ರಿಂದ 2021ರವರೆಗೆ ಅಲ್ಲಿ ಪ್ರತಿ 100 ಮೈಲಿ ಪೈಪಿಗೆ ವರ್ಷಕ್ಕೆ ಸರಾಸರಿ 55 ಕಡೆ ಒಡಕು ಕಾಣಿಸಿಕೊಂಡಿತು. 15ನ್ನು ಮೀರಬಾರದು ಎಂಬುದು ಈ ಕ್ಷೇತ್ರದ ಮಾನದಂಡ. ಎರಡೇ ವರ್ಷದಲ್ಲಿ 300ಕ್ಕೂ ಹೆಚ್ಚು ಸಲ ಒಂದಲ್ಲ ಒಂದು ಬಡಾವಣೆಗೆ ಕುದಿಸಿ ಕುಡಿಯುವ ಸೂಚನೆ ಹೋಯಿತು. ಘಟಕಗಳಿಂದ ದೂರವಿದ್ದು ಎತ್ತರದಲ್ಲೂ ಇರುವ ದಕ್ಷಿಣ ಭಾಗದ ಬಡಾವಣೆಗಳಿಗೆ ನೀರು ನಿಲ್ಲುವುದು ಮೊದಲು, ಮರಳಿ ಬರುವುದು ಕೊನೆಗೆ. ವಸೂಲಿ ಹೆಚ್ಚಿಸಲೆಂದು ಊರಿನ ಆಡಳಿತ 2010ರ ದಶಕದಲ್ಲಿ ಸುಮಾರು 9 ಕೋಟಿ ಡಾಲರಿನ ಗುತ್ತಿಗೆ ಕೊಟ್ಟು ಹೊಸ ಮೀಟರುಗಳನ್ನು ಹಾಕಿಸಿತು. ಅವು ಸರಿಯಾಗಿ ಓದಲಿಲ್ಲ. ಕೆಲವು ಮನೆಗಳಿಗೆ ತಿಂಗಳುಗಟ್ಟಲೆ ಬಿಲ್ಲೇ ಬರಲಿಲ್ಲ, ಕೆಲವರಿಗೆ ಒಮ್ಮೆಲೇ ಸಾವಿರಾರು ಡಾಲರಿನ ಬಿಲ್ಲು ಬಂತು. ಜನ ಕಟ್ಟುವುದನ್ನೇ ಬಿಟ್ಟರು. 2020ರಲ್ಲಿ ರಾಜಿಯಾಗಿ ಹೆಚ್ಚುಕಡಿಮೆ ಅಷ್ಟೇ ಮೊತ್ತ ಊರಿಗೆ ವಾಪಸು ಬಂದರೂ ಅಷ್ಟು ವರ್ಷಗಳ ವಸೂಲಿ ಕೈಬಿಟ್ಟಿತ್ತು. ಆದಾಯ ಚೆನ್ನಾಗಿರುವ ಊರಾದರೆ ಇಂಥ ಪೆಟ್ಟನ್ನು ತಾಳಿಕೊಳ್ಳುತ್ತದೆ. ಜಾಕ್ಸನ್‌ಗೆ ಆ ಶಕ್ತಿ ಉಳಿದಿರಲಿಲ್ಲ.

ಮುಂದೆ ಬರುವ ಹಾನಿ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಬಿಲ್ಲಿನ ಲೆಕ್ಕದಲ್ಲೇ ಕಾಣುತ್ತದೆ. ಊರಿನ ಮಧ್ಯಾಂಕ ಆದಾಯದ ಶೇ. 4.5ರ ಒಳಗೆ ನೀರು ಮತ್ತು ಒಳಚರಂಡಿಯ ಬಿಲ್ಲು ಬಂದರೆ ಅದು ಜನರ ಕೈಗೆಟುಕುತ್ತದೆ ಎಂದು ಅಮೆರಿಕದಲ್ಲಿ ದಶಕಗಳಿಂದ ಹಿಡಿದುಕೊಂಡು ಬಂದಿದ್ದಾರೆ. ಜಾಕ್ಸನ್‌ನ 42 ಸಾವಿರಕ್ಕೆ ಶೇ. 4.5 ಅಂದರೆ ವರ್ಷಕ್ಕೆ 1,890 ಡಾಲರ್, ತಿಂಗಳಿಗೆ 157. ಈಗ ಆದಾಯದ ಆ ಸಾಲಿನ ತಳದಲ್ಲಿ ನಿಂತವರನ್ನು ನೋಡಿ. ಮಿಸಿಸಿಪಿಯಲ್ಲಿ ಪ್ರತ್ಯೇಕ ಕನಿಷ್ಠ ವೇತನ ಕಾನೂನಿಲ್ಲ, ಗಂಟೆಗೆ 7.25 ಡಾಲರಿನ ಕೇಂದ್ರದ ದರವೇ ಅನ್ವಯ. ಆ ದರ 2009ರಿಂದ ಬದಲಾಗಿಲ್ಲ. ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ರಜೆಯಿಲ್ಲದೆ ದುಡಿದರೆ ಕೈಗೆ ಬರುವುದು 15,080 ಡಾಲರ್. ಆ ಮನೆಗೆ ‘ಕೈಗೆಟುಕುವ’ ಬಿಲ್ಲೇ ಆದಾಯದ ಶೇ. 12.5. ತಿಂಗಳಲ್ಲಿ ಸುಮಾರು 22 ಗಂಟೆ ನೀರಿಗೆಂದೇ ದುಡಿಯಬೇಕು. ಮಧ್ಯಾಂಕವನ್ನು ನೋಡಿ ದರ ನಿಗದಿ ಮಾಡುವವರಿಗೆ ಈ ಮನೆ ಕಾಣುವುದೇ ಇಲ್ಲ. ಸಾಲಿನ ತಳದ ಐದನೇ ಒಂದು ಭಾಗದ ಮನೆಗಳನ್ನು ಅಳೆಯಬೇಕು ಎಂದು ಮ್ಯಾನುಯೆಲ್ ಟಿಯೊಡೊರೊ ಅವರಂಥ ಸಂಶೋಧಕರು ವರ್ಷಗಳಿಂದ ವಾದಿಸುತ್ತಿರುವುದು ಇದಕ್ಕೇ.

ಸದ್ಯ ಜಾಕ್ಸನ್ ಉಸಿರಾಡುತ್ತಿರುವುದು ಹೊರಗಿನ ಹಣದಿಂದ. 2022ರ ನವೆಂಬರಿನಲ್ಲಿ ಕೇಂದ್ರ ನ್ಯಾಯಾಲಯ ನೀರಿನ ಆಡಳಿತವನ್ನು ಊರಿನ ಕೈಯಿಂದ ತೆಗೆದು ಎಂಜಿನಿಯರ್ ಟೆಡ್ ಹೆನಿಫಿನ್ ಅವರಿಗೆ ಒಪ್ಪಿಸಿತು. ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 60 ಕೋಟಿ ಡಾಲರ್ ಮಂಜೂರು ಮಾಡಿತು. ಆ ಹಣದಿಂದ ಪೈಪುಗಳು ಬದಲಾಗಿವೆ, ಒತ್ತಡ ಸುಧಾರಿಸಿದೆ. ಆದರೆ ಅದು ಒಮ್ಮೆ ಕೊಟ್ಟ ಹಣ. ಅದು ಮುಗಿದ ಮೇಲೆ ದಿನದ ಖರ್ಚು ಮತ್ತೆ ಅದೇ ಜನರ ಬಿಲ್ಲಿನಿಂದಲೇ ಬರಬೇಕು, ದರ ಏರಿಸದೆ ಬರುವುದಿಲ್ಲ, ಏರಿಸಿದರೆ ಊರು ಬಿಡಬಲ್ಲವರು ಇನ್ನಷ್ಟು ಬೇಗ ಬಿಡುತ್ತಾರೆ. ಉಳಿದವರ ತಲಾ ಹೊರೆ ಮತ್ತೆ ಏರುತ್ತದೆ. ನನ್ನ ಆತಂಕವಿರುವುದು ಇಲ್ಲಿ. ಈ ಸುತ್ತು ಒಳಗಿನಿಂದ ತಾನಾಗಿ ನಿಲ್ಲುವಂಥದ್ದಲ್ಲ.

ಇದು ಒಂದೆರಡು ಊರಿನ ದುರದೃಷ್ಟ ಎಂದುಕೊಳ್ಳುವ ಹಾಗೂ ಇಲ್ಲ. 2010ರಿಂದ 2020ರ ನಡುವೆ ಅಮೆರಿಕದ ಅರ್ಧಕ್ಕಿಂತ ಹೆಚ್ಚು ಕೌಂಟಿಗಳು ಜನ ಕಳೆದುಕೊಂಡಿವೆ. ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ತಂಡವೊಂದು 2024ರ ಜನವರಿಯಲ್ಲಿ ‘ನೇಚರ್ ಸಿಟೀಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2100ರ ಹೊತ್ತಿಗೆ ದೇಶದ ಸುಮಾರು 30 ಸಾವಿರ ಊರುಗಳಲ್ಲಿ ಅರ್ಧದಷ್ಟು ಕುಗ್ಗಿರುತ್ತವೆ. ಇನ್ನೊಂದು ಕಡೆ, ಕುಡಿಯುವ ನೀರಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡಲು ಇಪ್ಪತ್ತು ವರ್ಷಗಳಲ್ಲಿ 625 ಶತಕೋಟಿ ಡಾಲರ್ ಬೇಕು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿದೆ. 2021ರ ಮೂಲಸೌಕರ್ಯ ಕಾಯಿದೆ ನೀರಿಗೆಂದು ಇಟ್ಟದ್ದು ಸುಮಾರು 55 ಶತಕೋಟಿ, ಅದೂ 2026ರವರೆಗಿನ ಐದು ವರ್ಷಕ್ಕೆ, ಅದರಲ್ಲೂ ಒಂದು ಪಾಲು ತೀರಿಸಬೇಕಾದ ಸಾಲ. ಕುಗ್ಗುತ್ತಿರುವ ಊರಿಗೆ ಸಾಲ ಕೊಡುವುದೆಂದರೆ ನಾಳೆ ಇನ್ನೂ ಕಡಿಮೆಯಾಗುವ ಜನರ ಮೇಲೆ ಇಂದಿನ ಹೊರೆ ಹೇರಿದಂತೆ.

ನಮಗೂ ಇದರಲ್ಲಿ ತಿಳಿಯಬೇಕಾದದ್ದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಫಲವಂತಿಕೆಯ ದರ 1.7ಕ್ಕೆ ಇಳಿದಿದೆ, ಜನಸಂಖ್ಯೆ ಹಾಗೇ ನಿಲ್ಲಬೇಕಾದರೆ 2.1 ಬೇಕು. ಬೆಂಗಳೂರು ಸುತ್ತಲಿನವರನ್ನು ಸೆಳೆದುಕೊಂಡು ಬೆಳೆಯುತ್ತಲೇ ಇದ್ದರೂ ಈಗ ಹೊಸ ಪೈಪು ಹೂಳುತ್ತಿರುವ ನಮ್ಮ ಸಣ್ಣ ಪಟ್ಟಣಗಳು ಐವತ್ತು ವರ್ಷ ಬಾಳಬೇಕಾದ ಆ ಪೈಪಿನ ಪೂರ್ಣ ಆಯಸ್ಸಿನಲ್ಲಿ ತುಂಬಿಯೇ ಇರುತ್ತವೆ ಎಂದು ಹೇಳಲಾಗದು. ನಮ್ಮಲ್ಲಂತೂ 2021ರಲ್ಲಿ ಆಗಬೇಕಿದ್ದ ಜನಗಣತಿ ಆಗ ನಡೆಯಲಿಲ್ಲ.

ದಾರಿಗಳಿಲ್ಲವೆಂದಲ್ಲ. ಫಿಲಡೆಲ್ಫಿಯ ಊರು 2017ರಿಂದ ಬಡ ಕುಟುಂಬಗಳ ನೀರಿನ ಬಿಲ್ಲನ್ನು ಅವರ ಆದಾಯದ ಇಂತಿಷ್ಟು ಪಾಲು ಎಂದು ನಿಗದಿ ಮಾಡುತ್ತಿದೆ. ಜಾಕ್ಸನ್‌ನಲ್ಲೂ ಹೆನಿಫಿನ್, ಸರ್ಕಾರದ ಆಹಾರ ನೆರವು ಪಡೆಯುವ ಮನೆಗಳಿಗೆ ಕಡಿಮೆ ದರ ಎಂದು ಯೋಜನೆ ಮಾಡಿದರು. ಆ ಮನೆಗಳ ಪಟ್ಟಿಯನ್ನು ನೀರಿನ ಸಂಸ್ಥೆಗೆ ಕೊಡಬಹುದೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಪಟ್ಟಿ ಸಿಕ್ಕರೂ ಇನ್ನೊಂದು ತೊಡಕು ಉಳಿಯುತ್ತದೆ. ಫಿಲಡೆಲ್ಫಿಯದಲ್ಲಿ 15 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಬಡವರಿಗೆ ಬಿಟ್ಟ ಮೊತ್ತವನ್ನು ಉಳಿದ ಲಕ್ಷಾಂತರ ಮನೆಗಳ ಮೇಲೆ ಹಂಚಬಹುದು. ಜಾಕ್ಸನ್‌ನ ಗಡಿಯೊಳಗೆ ಹಾಗೆ ಹೊರಬಲ್ಲ ಮನೆಗಳು ಬೇಕಾದಷ್ಟಿಲ್ಲ. ಅವು ಮ್ಯಾಡಿಸನ್‌ನಲ್ಲೂ ರ‍್ಯಾಂಕಿನ್ ಕೌಂಟಿಯಲ್ಲೂ ಇವೆ. ಅಲ್ಲಿನವರಲ್ಲಿ ಸಾವಿರಾರು ಮಂದಿ ಬೆಳಿಗ್ಗೆ ಜಾಕ್ಸನ್‌ನ ಕಚೇರಿ, ಆಸ್ಪತ್ರೆ, ಶಾಸನಸಭೆಗೆ ಬಂದು ಆ ಊರಿನ ನೀರು ಬಳಸಿ ಸಂಜೆ ಗಡಿ ದಾಟುತ್ತಾರೆ. ನೀರಿನ ವೆಚ್ಚವನ್ನು ಜಾಕ್ಸನ್ ಮತ್ತು ಸುತ್ತಲಿನ ಕೌಂಟಿಗಳ ಮೇಲೆ ಒಟ್ಟಾಗಿ ಹಂಚುವ ಕಾನೂನನ್ನು ಮಿಸಿಸಿಪಿಯ ಶಾಸನಸಭೆಯೇ ಮಾಡಬೇಕು, ಅದೂ ಆ 60 ಕೋಟಿ ಡಾಲರ್ ಖರ್ಚಾಗಿ ಮುಗಿಯುವುದಕ್ಕೆ ಮೊದಲು.